ಟ್ಯಾವಿಸ್ಟಾಕ್‌ಗೆ ರೈಲು ಮರಳಿ ಬರಲಿ: ಬ್ರಿಟನ್ನಿನ ಸಾರಿಗೆ ಸಚಿವರಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ ಸರ್ಕಾರದ ಮಾನ್ಯ ಸಾರಿಗೆ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಡೆವನ್ ಸೀಮೆಯ ಟ್ಯಾವಿಸ್ಟಾಕ್ ಪಟ್ಟಣಕ್ಕೆ 1968ರಲ್ಲಿ ನಿಂತುಹೋದ ರೈಲನ್ನು ಮತ್ತೆ ಓಡಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಈ ಊರಿನ ನಿವಾಸಿ. ಪ್ಲಿಮತ್ ನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಹುಟ್ಟಿ ಬೆಳೆದದ್ದು ಕರ್ನಾಟಕದ ಬಂಗಾರಪೇಟೆಯಲ್ಲಿ. ಇದೇ ಮನವಿಯನ್ನು ಇಂಗ್ಲಿಷಿನಲ್ಲಿ ತಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದು ಈ ದೇಶದಲ್ಲಿ ನೆಲೆಸಿರುವ ಕನ್ನಡಿಗರೂ ಓದಲಿ ಎಂದು. ಇಲ್ಲಿ ನಾವು ತೆರಿಗೆ ಕಟ್ಟುತ್ತೇವೆ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಪಾರ್ಲಿಮೆಂಟ್ ಚುನಾವಣೆಯಲ್ಲಿ ಮತವನ್ನೂ ಹಾಕುತ್ತೇವೆ. ಈ ಊರಿನ ಕಷ್ಟ ನಮ್ಮದೂ ಹೌದು.

ಮೊದಲು ಈಗ ಏನು ಉಳಿದಿದೆ ಎಂದು ಹೇಳುತ್ತೇನೆ. ಪಟ್ಟಣದ ನಡುವಿನ ಬೆಡ್‌ಫರ್ಡ್ ಚೌಕದಲ್ಲಿ ನಿಂತು ತಲೆಯೆತ್ತಿದರೆ ಮನೆಗಳ ಛಾವಣಿಗಳ ಮೇಲೆ ಕಲ್ಲಿನ ಕಮಾನುಗಳ ಸೇತುವೆ ಕಾಣುತ್ತದೆ. ಅದರ ಮೇಲೆ ಈಗ ಜನ ವಾಕಿಂಗ್ ಹೋಗುತ್ತಾರೆ. ಗುಡ್ಡದ ಮೇಲಿನ ಟ್ಯಾವಿಸ್ಟಾಕ್ ನಾರ್ತ್ ಸ್ಟೇಷನ್ನಿನ ಕಲ್ಲಿನ ಕಟ್ಟಡ ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಖಾಸಗಿಯವರು ಅದನ್ನು ಬಹಳ ಪ್ರೀತಿಯಿಂದ ದುರಸ್ತಿ ಮಾಡಿ, ಪ್ರವಾಸಿಗರು ಬಾಡಿಗೆಗೆ ಉಳಿಯುವ ಮನೆಗಳನ್ನಾಗಿ ಮಾಡಿದ್ದಾರೆ. ಅವರಿಗೆ ಈ ಊರು ಋಣಿ. ಗೂಡ್ಸ್ ಯಾರ್ಡ್ ಇದ್ದ ಕಿಲ್ವರ್ದಿ ಪಾರ್ಕಿನಲ್ಲಿ ಸ್ಥಳೀಯ ಆಡಳಿತವಾದ ಬರೋ ಕೌನ್ಸಿಲ್‌ನ ಕಚೇರಿ ಇದೆ. ಕಟ್ಟಡ ಉಳಿದಿದೆ, ಸೇತುವೆ ಉಳಿದಿದೆ, ದಕ್ಷಿಣಕ್ಕೆ ರೈಲು ಹೋಗುತ್ತಿದ್ದ ದಾರಿಯೂ ಬಹುಮಟ್ಟಿಗೆ ಉಳಿದಿದೆ. ಇಲ್ಲದಿರುವುದು ಹಳಿ ಮಾತ್ರ.

ಸುಮಾರು 13,000 ಜನರ ಈ ಪಟ್ಟಣಕ್ಕೆ ಒಂದು ಕಾಲದಲ್ಲಿ ಎರಡು ಸ್ಟೇಷನ್ನುಗಳಿದ್ದವು. ಮೊದಲನೆಯದು 1859ರ ಜೂನ್ 22ರಂದು ಪ್ಲಿಮತ್ ಕಡೆಯಿಂದ ಬಂದ ಸೌತ್ ಡೆವನ್ ಅಂಡ್ ಟ್ಯಾವಿಸ್ಟಾಕ್ ರೈಲ್ವೆಯದು. ಎಂಜಿನಿಯರ್ ಬ್ರೂನೆಲ್‌ನ ಬ್ರಾಡ್‌ಗೇಜ್ ಲೈನು ಅದು. ಭಾರತದ ಬ್ರಾಡ್‌ಗೇಜ್ ಐದೂವರೆ ಅಡಿ ಅಗಲವಾದರೆ ಅವನದು ಏಳಡಿ ಕಾಲಿಂಚು. 1865ರಲ್ಲಿ ಅದೇ ಹಳಿ ಲಾನ್ಸೆಸ್ಟನ್‌ವರೆಗೆ ಮುಂದುವರಿಯಿತು. ಮುಂದೆ ಇದೆಲ್ಲ ಗ್ರೇಟ್ ವೆಸ್ಟರ್ನ್ ರೈಲ್ವೆಯ ಪಾಲಾಯಿತು. ಅದರ ಎದುರಾಳಿಯಾದ ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆ ಡಾರ್ಟ್‌ಮೂರ್ ಗುಡ್ಡಗಾಡಿನ ಉತ್ತರ ಅಂಚನ್ನು ಸುತ್ತಿ, 1874ರಲ್ಲಿ ಮೆಲ್ಡನ್ ಕಣಿವೆಗೆ ಕಬ್ಬಿಣದ ಸೇತುವೆ ಕಟ್ಟಿ ಲಿಡ್‌ಫರ್ಡ್‌ಗೆ ಬಂತು. ಅಲ್ಲಿಂದ ಮುಂದಕ್ಕೆ ಎದುರಾಳಿಯ ಹಳಿಯ ಮೇಲೆಯೇ ಹೋಗಬೇಕಾಗಿತ್ತು. ಅಗಲದ ಹಳಿಗಳ ನಡುವೆ ಮೂರನೆಯದೊಂದು ಹಳಿ ಹಾಕಿಸಿಕೊಂಡು 1876ರಿಂದ ಅದು ತನ್ನ ರೈಲುಗಳನ್ನು ಪ್ಲಿಮತ್‌ಗೆ ಸಾಗಿಸಿತು. ಕೊನೆಗೆ ಪ್ಲಿಮತ್, ಡೆವನ್‌ಪೋರ್ಟ್ ಅಂಡ್ ಸೌತ್ ವೆಸ್ಟರ್ನ್ ಜಂಕ್ಷನ್ ಎಂಬ ಉದ್ದ ಹೆಸರಿನ ಕಂಪನಿ ಸ್ವತಂತ್ರ ದಾರಿಯೊಂದನ್ನು ಕಟ್ಟಿತು. 1890ರ ಜೂನ್ 2ರಂದು ಗುಡ್ಡದ ಮೇಲಿನ ಸ್ಟೇಷನ್ ತೆರೆಯಿತು. ಅಲ್ಲಿಂದ ಲಂಡನ್ನಿನ ವಾಟರ್ಲೂಗೆ ನೇರ ರೈಲು ಸಿಗುತ್ತಿತ್ತು. ಅಟ್ಲಾಂಟಿಕ್ ಸಾಗರ ದಾಟಿ ಪ್ಲಿಮತ್‌ನಲ್ಲಿ ಇಳಿದ ಹಡಗಿನ ಪ್ರಯಾಣಿಕರನ್ನು ಲಂಡನ್ನಿಗೆ ಹೊತ್ತೊಯ್ಯುವ ರೈಲುಗಳೂ ಈ ಊರಿನ ತಲೆಯ ಮೇಲಿಂದ ಹಾದುಹೋಗುತ್ತಿದ್ದವು.

ಈ ಎರಡೂ ಹೋದವು, ಆರು ವರ್ಷದೊಳಗೆ.

ಮೊದಲು ಬಂದ ಕೆಳಗಿನ ಸೌತ್ ಸ್ಟೇಷನ್ನಿನ ಅಧಿಕೃತ ಕೊನೆ 1962ರ ಡಿಸೆಂಬರ್ 31. ಕೊನೆಯ ರೈಲುಗಳು ಓಡಬೇಕಿದ್ದದ್ದು 29ರ ಶನಿವಾರ. ಅಂದು ಈ ಸೀಮೆಯ ಮೇಲೆ ಭಾರೀ ಹಿಮಗಾಳಿ ಎರಗಿತು. ಬೀಳ್ಕೊಡಲು ಹತ್ತಿದವರೂ ದಿನನಿತ್ಯದವರೂ ಒಟ್ಟಿಗೆ ಸಿಕ್ಕಿಬಿದ್ದರು. ರೈಲುಗಳು ಗುರಿ ಮುಟ್ಟದೆ ರಾತ್ರಿಯಿಡೀ ಹಿಮದಲ್ಲಿ ನಿಂತುಬಿಟ್ಟವು. ಆ ಸ್ಟೇಷನ್ ಈಗ ಇಲ್ಲ. ಆ ಲೈನಿನ ಒಂದಷ್ಟು ಭಾಗ ಸೈಕಲ್ ಹಾದಿಯಾಗಿದೆ. ಅದು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆ ಲೈನು ಮರಳಬೇಕೆಂದು ನಾನು ಕೇಳುತ್ತಿಲ್ಲ.

ನನ್ನ ದೂರು ಇರುವುದು ಮೇಲಿನ ಲೈನನ್ನು ಮುಚ್ಚಿದ ರೀತಿಯ ಬಗ್ಗೆ. ಆ ತೀರ್ಮಾನ ತಮ್ಮ ಇಲಾಖೆಯದೇ ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

1963ರ ಜನವರಿಯಲ್ಲಿ, ಸಾಲಿಸ್ಬರಿಯಿಂದ ಪಶ್ಚಿಮಕ್ಕಿದ್ದ ಹಳೆಯ ಸೌತ್ ವೆಸ್ಟರ್ನ್ ಲೈನುಗಳನ್ನೆಲ್ಲ ಸರ್ಕಾರಿ ಸಂಸ್ಥೆಯಾದ ಬ್ರಿಟಿಷ್ ರೈಲ್ವೇಸ್‌ನ ವೆಸ್ಟರ್ನ್ ವಲಯಕ್ಕೆ ವಹಿಸಲಾಯಿತು. ಎಂದರೆ, ಎಪ್ಪತ್ತು ವರ್ಷ ಈ ಲೈನಿನ ಜೊತೆ ಪೈಪೋಟಿ ನಡೆಸಿದ ಗ್ರೇಟ್ ವೆಸ್ಟರ್ನ್‌ನ ವಾರಸುದಾರರ ಕೈಗೇ ಇದರ ಹಣೆಬರಹ ಹೋಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಬ್ರಿಟಿಷ್ ರೈಲ್ವೇಸ್‌ನ ಮುಖ್ಯಸ್ಥ ಡಾ. ರಿಚರ್ಡ್ ಬೀಚಿಂಗ್ ಅವರ ವರದಿ ಬಂತು. ಅದು ದೇಶದ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಟೇಷನ್ನುಗಳನ್ನು ಮುಚ್ಚಲು ಹೇಳಿತು. ಆ ವರದಿಗೆ ಪ್ರಯಾಣಿಕರ ಲೆಕ್ಕ ಹಾಕಿದ್ದು 1961ರ ಏಪ್ರಿಲ್ 23ಕ್ಕೆ ಮುಗಿದ ಒಂದು ವಾರದಲ್ಲಿ. ಈಸ್ಟರ್ ರಜೆ ಆಗಲೇ ಮುಗಿದಿತ್ತು, ಬೇಸಿಗೆಯ ಪ್ರವಾಸ ಇನ್ನೂ ಶುರುವಾಗಿರಲಿಲ್ಲ. ಬೇಸಿಗೆಯ ಪ್ರವಾಸಿಗರಿಂದಲೇ ತುಂಬುವ ಡೆವನ್, ಕಾರ್ನ್‌ವಾಲ್ ಸೀಮೆಗಳ ಲೈನುಗಳ ಯೋಗ್ಯತೆ ಅಳೆಯಲು ಇದಕ್ಕಿಂತ ಕೆಟ್ಟ ವಾರ ಸಿಗುವುದು ಕಷ್ಟ. ವಾಟರ್ಲೂನಿಂದ ಎಕ್ಸೆಟರ್ ದಾಟಿ ಪಶ್ಚಿಮಕ್ಕೆ ಬರುತ್ತಿದ್ದ ಅಟ್ಲಾಂಟಿಕ್ ಕೋಸ್ಟ್ ಎಕ್ಸ್‌ಪ್ರೆಸ್ 1964ರ ಸೆಪ್ಟೆಂಬರ್‌ನಲ್ಲಿ ನಿಂತಿತು. ಒಂದೊಂದೇ ಸೌಕರ್ಯ ಕಿತ್ತುಕೊಂಡ ಮೇಲೆ ಜನ ಕಡಿಮೆಯಾದರು ಎಂದು ಲೆಕ್ಕ ತೋರಿಸುವುದು ಸುಲಭ.

ಊರಿನವರು ಸುಮ್ಮನಿದ್ದರೇ ಎಂದು ಓದುಗರು ಕೇಳಬಹುದು. ದನಿ ಎತ್ತಲು ಅವರಿಗಿದ್ದ ಜಾಗವೇ ತೀರ ಇಕ್ಕಟ್ಟಿನದು. 1962ರ ಸಾರಿಗೆ ಕಾಯ್ದೆಯ ಪ್ರಕಾರ, ಲೈನು ಮುಚ್ಚುವುದನ್ನು ವಿರೋಧಿಸುವವರು ಬಳಕೆದಾರರ ಸಮಿತಿಯ ಮುಂದೆ ತಮಗೆ ಆಗುವ ತೊಂದರೆಯನ್ನಷ್ಟೇ ಹೇಳಿಕೊಳ್ಳಬಹುದಾಗಿತ್ತು. ರೈಲ್ವೆ ತೋರಿಸಿದ ನಷ್ಟದ ಲೆಕ್ಕ ಸರಿಯೇ ಎಂದು ಪರಿಶೀಲಿಸುವುದು ಆ ಸಮಿತಿಯ ಕೆಲಸವಾಗಿರಲಿಲ್ಲ. ಕೊನೆಯ ಮಾತು ಸಚಿವರದು. ತಕರಾರು ಇದ್ದದ್ದೇ ಲೆಕ್ಕದ ಮೇಲೆ. ಅದೊಂದನ್ನು ಮಾತ್ರ ಮುಟ್ಟುವಂತಿರಲಿಲ್ಲ. ಇದನ್ನು ವಿಚಾರಣೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

1968ರ ಮೇ 6ರಂದು ಉತ್ತರದ ಓಕ್‌ಹ್ಯಾಂಪ್ಟನ್ ಮತ್ತು ದಕ್ಷಿಣದ ಬೇರ್ ಆಲ್‌ಸ್ಟನ್ ಊರುಗಳ ನಡುವಿನ ಲೈನು ಮುಚ್ಚಿತು, ಜೊತೆಗೆ ಟ್ಯಾವಿಸ್ಟಾಕ್ ನಾರ್ತ್ ಕೂಡ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಸಾರಿಗೆ ಕಾಯ್ದೆಗೆ ಅಂಕಿತ ಬಿತ್ತು. ಲಾಭ ತರದಿದ್ದರೂ ಸಮಾಜಕ್ಕೆ ಬೇಕಾದ ರೈಲುಗಳಿಗೆ ಸರ್ಕಾರವೇ ಹಣ ಕೊಡಬಹುದು ಎಂದು ಒಪ್ಪಿಕೊಂಡದ್ದು ಆ ಕಾಯ್ದೆ. ನಡುವೆ ಐದೇ ತಿಂಗಳು. ಆ ಕಾಯ್ದೆ ಬರುವುದು ಇಲಾಖೆಗೆ ಗೊತ್ತಿತ್ತು. ತಡೆದಿದ್ದರೆ ಈ ಲೈನೂ ಹೊಸ ಕಣ್ಣಿನಿಂದ ತೂಗಲ್ಪಡುತ್ತಿತ್ತು. ತಡೆಯಲಿಲ್ಲ.

ಅಕ್ಕಪಕ್ಕದ ತುಂಡುಗಳು ಹೇಗೆ ಉಳಿದವು ಎಂಬುದನ್ನೂ ನೋಡಿ. ದಕ್ಷಿಣದಲ್ಲಿ ಪ್ಲಿಮತ್‌ನಿಂದ ಗನಿಸ್‌ಲೇಕ್‌ಗೆ ಹೋಗುವ ಲೈನು ಉಳಿದದ್ದು ಅಲ್ಲಿನ ರಸ್ತೆಗಳು ಬಸ್ಸು ಓಡಿಸಲು ಆಗದಷ್ಟು ಕಡಿದಾಗಿ, ಕಿರಿದಾಗಿ ಇದ್ದದ್ದರಿಂದ. ಉತ್ತರದಲ್ಲಿ ಓಕ್‌ಹ್ಯಾಂಪ್ಟನ್‌ಗೆ ಹಳಿ ಉಳಿದದ್ದು ಮೆಲ್ಡನ್ ಕ್ವಾರಿಯಿಂದ ರೈಲ್ವೆಗೇ ಜಲ್ಲಿ ಬೇಕಾಗಿದ್ದರಿಂದ. ಟ್ಯಾವಿಸ್ಟಾಕ್‌ಗೆ ಕ್ವಾರಿ ಇರಲಿಲ್ಲ, ಪ್ಲಿಮತ್‌ಗೆ ತಕ್ಕಮಟ್ಟಿನ ರಸ್ತೆ ಇತ್ತು. ಅಷ್ಟಕ್ಕೇ ಅದು ಹಳಿ ಕಳೆದುಕೊಂಡಿತು. ಇವತ್ತು ಪ್ಲಿಮತ್‌ನಿಂದ ಬರುವ ರೈಲು ಬೇರ್ ಆಲ್‌ಸ್ಟನ್‌ನಲ್ಲಿ ನಿಲ್ಲುತ್ತದೆ. ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದುಹೋಗಿ ದಿಕ್ಕು ಬದಲಿಸಿ ಗನಿಸ್‌ಲೇಕ್ ಕಡೆ ಹೊರಡುತ್ತಾನೆ. ದಿಕ್ಕು ಬದಲಿಸದೆ ನೇರ ಮುಂದೆ ಹೋದರೆ ಸುಮಾರು ಐದೂವರೆ ಮೈಲಿಯಲ್ಲಿ ನಮ್ಮ ಊರು. ಅದೇ ಹಳೆಯ ಮುಖ್ಯ ಲೈನು.

ರಸ್ತೆಯ ಮಾತಿಗೆ ಬರುತ್ತೇನೆ. ಟ್ಯಾವಿಸ್ಟಾಕ್‌ನಿಂದ ಪ್ಲಿಮತ್ ಹದಿನೈದು ಮೈಲಿ. ಎ386 ಎಂಬ ಒಂದೇ ರಸ್ತೆ. ಬೆಳಿಗ್ಗೆ ಬಸ್ಸು ರೋಬರೋ ತಲುಪುವವರೆಗೆ ಪರವಾಗಿಲ್ಲ, ಅಲ್ಲಿಂದ ಮ್ಯಾನಡನ್ ವೃತ್ತದವರೆಗೆ ವಾಹನಗಳ ಸಾಲು. ಬಸ್ಸು ಯಾವಾಗ ತಲುಪುತ್ತದೆ ಎಂದು ಹೇಳಲಾಗದ ಕಾರಣ ನನ್ನ ಜೊತೆ ಪ್ರಯಾಣಿಸುವ ಹುಡುಗ ಹುಡುಗಿಯರು ಒಂಬತ್ತರ ತರಗತಿಗೆ ಒಂದು ಬಸ್ಸು ಮೊದಲೇ ಹತ್ತುತ್ತಾರೆ. ಕಾರು ಕೊಳ್ಳಲಾಗದ ಯುವಕರು ನಗರದಲ್ಲಿ ಸಿಕ್ಕ ಪಾಳಿ ಕೆಲಸವನ್ನು ಬಿಟ್ಟುಬಿಟ್ಟದ್ದನ್ನು ಕಂಡಿದ್ದೇನೆ. ನಮ್ಮ ದೊಡ್ಡ ಆಸ್ಪತ್ರೆಯೂ ಈ ರಸ್ತೆಯಲ್ಲೇ, ಡೆರಿಫರ್ಡ್‌ನಲ್ಲಿದೆ. ರೈಲು ಆಸ್ಪತ್ರೆಯ ಬಾಗಿಲಿಗೆ ಹೋಗುವುದಿಲ್ಲ ಎಂದು ಯೋಜನೆಯನ್ನು ಒಪ್ಪದವರು ಹೇಳುತ್ತಾರೆ. ನಿಜ, ಹೋಗುವುದಿಲ್ಲ. ಆದರೆ ಡೆವನ್‌ಪೋರ್ಟಿಗೋ ನಗರದ ಮಧ್ಯಕ್ಕೋ ಹೋಗುವವರ ಕಾರುಗಳು ಆ ರಸ್ತೆಯಿಂದ ಇಳಿದರೆ, ಆಂಬುಲೆನ್ಸಿಗೂ ಆಸ್ಪತ್ರೆಯ ಬಸ್ಸಿಗೂ ದಾರಿ ಬಿಡುವಾಗುತ್ತದೆ.

ನನ್ನ ಊರಿನ ಉದಾಹರಣೆಯನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಟ್ಯಾವಿಸ್ಟಾಕ್‌ಗೂ ಕೋಲಾರದ ಚಿನ್ನದ ಗಣಿಗೂ ಇರುವ ನಂಟು ಹಳೆಯದು. 1798ರಲ್ಲಿ ಜಾನ್ ಟೇಲರ್ ಎಂಬ ಹತ್ತೊಂಬತ್ತರ ಯುವಕ ಈ ಊರಿನ ಪಕ್ಕದ ವೀಲ್ ಫ್ರೆಂಡ್‌ಶಿಪ್ ತಾಮ್ರದ ಗಣಿಯ ಆಡಳಿತ ವಹಿಸಿಕೊಂಡ. ಅದಿರು ಸಾಗಿಸಲು ಗುಡ್ಡ ಕೊರೆದು ಟ್ಯಾವಿಸ್ಟಾಕ್ ಕಾಲುವೆ ಕಟ್ಟಿಸಿದ. ಅದು 1817ರಲ್ಲಿ ತೆರೆಯಿತು. ಅವನು ಕಟ್ಟಿದ ಸಂಸ್ಥೆಯೇ ಜಾನ್ ಟೇಲರ್ ಅಂಡ್ ಸನ್ಸ್. 1880ರ ದಶಕದಿಂದ ಕೆಜಿಎಫ್ ಗಣಿಗಳನ್ನು ನಡೆಸಿದ್ದು ಅದೇ ಸಂಸ್ಥೆ. ಟೇಮರ್ ನದಿಯ ಆಚೆಯ ಕಾರ್ನ್‌ವಾಲ್‌ನ ಗಣಿಗಾರರು ಕೋಲಾರಕ್ಕೆ ಬಂದರು. ಬಂಗಾರಪೇಟೆಗೆ ಹಿಂದೆ ಇದ್ದ ಬೌರಿಂಗ್‌ಪೇಟೆ ಎಂಬ ಹೆಸರು ಕೂಡ ಎಕ್ಸೆಟರ್ ಮನೆತನದ, ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರದು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂಗೆ ಸುಮಾರು ಹತ್ತು ಮೈಲಿಯ ರೈಲು ಹಾಕಿದ್ದು ಗಣಿಗಾಗಿ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನವೂ ಇಲ್ಲ, ಕೆಲಸವೂ ಇಲ್ಲ. ಯಾರಾದರೂ ಆಗ ಲೆಕ್ಕದ ಪುಸ್ತಕ ತೆರೆದು, ಗಣಿಗಾಗಿ ಹಾಕಿದ ಲೈನು ಗಣಿಯ ಜೊತೆ ಹೋಗಲಿ ಎಂದು ಹೇಳಿದ್ದರೆ ಮೇಲ್ನೋಟಕ್ಕೆ ಸರಿಯೆನಿಸುತ್ತಿತ್ತು. ಲೈನು ಉಳಿಯಿತು. ಸ್ವರ್ಣ ರೈಲು ಕೆಜಿಎಫ್ ಜನರನ್ನು ಬೆಂಗಳೂರಿನ ಕಾರ್ಖಾನೆ, ಆಫೀಸು, ಕಟ್ಟಡಗಳ ಕೆಲಸಕ್ಕೆ ದಿನವೂ ಕರೆದೊಯ್ದು ಸಂಜೆ ಮನೆಗೆ ತಂದುಬಿಡುತ್ತದೆ. ಮಾರಿಕುಪ್ಪಂನಲ್ಲಿ ಹತ್ತಿದವರಿಗೆ ಸೀಟು, ಬಂಗಾರಪೇಟೆಯಲ್ಲಿ ಹತ್ತಿದರೆ ನಿಲ್ಲಲೂ ಜಾಗ ಹುಡುಕಬೇಕು. ನನ್ನ ಚಿಕ್ಕಪ್ಪ ಅದೇ ರೈಲಿನ ತಿಂಗಳ ಪಾಸಿನಲ್ಲಿ ಇಬ್ಬರು ಮಕ್ಕಳನ್ನು ಓದಿಸಿದರು. ಟ್ಯಾವಿಸ್ಟಾಕ್ ಸುತ್ತಲಿನ ತಾಮ್ರದ ಗಣಿಗಳೂ ಮುಚ್ಚಿದವು. ಒಂದು ಕಾಲಕ್ಕೆ ಯುರೋಪಿನಲ್ಲೇ ಹೆಸರಾಗಿದ್ದ ಡೆವನ್ ಗ್ರೇಟ್ ಕಾನ್ಸಲ್ಸ್ 1901ರಲ್ಲಿ ಬಾಗಿಲು ಹಾಕಿತು. ಇಲ್ಲಿಯೂ ಜನ ಕೆಲಸಕ್ಕೆ ನಗರಕ್ಕೆ ಹೋಗಲೇಬೇಕಿತ್ತು. ಇಲ್ಲಿ ತೆಗೆದದ್ದು ಅದಕ್ಕೆ ಬೇಕಾದ ರೈಲನ್ನೇ.

ಈಗ ಕೊಟ್ಟ ಮಾತುಗಳ ವಿಚಾರ. ಪಟ್ಟಣದ ನೈಋತ್ಯಕ್ಕೆ 750 ಮನೆಗಳ ಬಡಾವಣೆಯ ಯೋಜನೆ ಒಪ್ಪಿದಾಗ, ರೈಲು ಮರಳುವುದೂ ಆ ಚಿತ್ರದ ಭಾಗ ಎಂದು ಊರಿಗೆ ಹೇಳಲಾಗಿತ್ತು. ಮನೆಗಳು ಎದ್ದವು. ಅಲ್ಲಿನ ಕಾರುಗಳೂ ಅದೇ ಎ386ಕ್ಕೆ ಇಳಿದವು. 2020ರಲ್ಲಿ ಸರ್ಕಾರ ಬೀಚಿಂಗ್ ಕಾಲದಲ್ಲಿ ಮುಚ್ಚಿದ ಲೈನುಗಳನ್ನು ಮರಳಿ ತೆರೆಯಲು 50 ಕೋಟಿ ಪೌಂಡಿನ ನಿಧಿ ಘೋಷಿಸಿತು. ನಮ್ಮ ಲೈನಿನ ಅಧ್ಯಯನಕ್ಕೂ ಅದರಿಂದ ಹಣ ಬಂತು. 2023ರ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ಎಚ್‌ಎಸ್2 ಎಂಬ ಅತಿವೇಗದ ರೈಲು ಯೋಜನೆಯ ಉತ್ತರದ ಭಾಗವನ್ನು ಕೈಬಿಟ್ಟಾಗ, ಆ ಹಣದಲ್ಲಿ ಆಗುವ ಕೆಲಸಗಳ ಪಟ್ಟಿಯಲ್ಲಿ ಟ್ಯಾವಿಸ್ಟಾಕ್–ಪ್ಲಿಮತ್ ರೈಲಿನ ಹೆಸರೂ 15 ಕೋಟಿ ಪೌಂಡಿನ ಮೊತ್ತದೊಂದಿಗೆ ಇತ್ತು. 2024ರ ಜುಲೈನಲ್ಲಿ ಹೊಸ ಸರ್ಕಾರ ಬಂದ ಕೆಲವೇ ವಾರಗಳಲ್ಲಿ, ಲೈನುಗಳನ್ನು ಮರಳಿ ತೆರೆಯುವ ಆ ಇಡೀ ನಿಧಿ ರದ್ದಾಯಿತು. ಹಣದ ಕೊರತೆ ನಿಜವೇ ಇರಬಹುದು. ಆದರೆ ಒಂದು ಊರನ್ನು ಒಂದು ವರ್ಷದೊಳಗೆ ಪಟ್ಟಿಗೆ ಸೇರಿಸಿ, ಅಳಿಸುವಾಗ ಕಾರಣವನ್ನು ಆ ಊರಿಗೆ ಪ್ರತ್ಯೇಕವಾಗಿ ತಿಳಿಸದೇ ಇರುವುದು ಸರಿಯಲ್ಲ.

ಇಂಥ ಲೈನುಗಳು ತೆರೆದರೆ ಜನ ಬರುತ್ತಾರೆಯೇ ಎಂಬ ಅನುಮಾನಕ್ಕೆ ನಮ್ಮ ಪಕ್ಕದ ಊರೇ ಉತ್ತರ ಕೊಟ್ಟಿದೆ. 2021ರ ನವೆಂಬರ್ 20ರಂದು ಓಕ್‌ಹ್ಯಾಂಪ್ಟನ್‌ಗೆ ದಿನನಿತ್ಯದ ರೈಲು ಮರಳಿತು. 1972ರಲ್ಲಿ ನಿಂತದ್ದು ಅದು. ಸುಮಾರು 4 ಕೋಟಿ ಪೌಂಡಿನ ಕೆಲಸ, ಹೇಳಿದ್ದಕ್ಕಿಂತ ಮೊದಲೇ, ಅಂದಾಜಿಗಿಂತ ಕಡಿಮೆಯಲ್ಲಿ ಮುಗಿಯಿತು. ಮೊದಲ ವರ್ಷವೇ ಎರಡೂವರೆ ಲಕ್ಷ ಪ್ರಯಾಣಗಳಾದವು. ಅಲ್ಲಿ ಹಳಿ ಇತ್ತು, ಇಲ್ಲಿ ಹೊಸದಾಗಿ ಹಾಕಬೇಕು, ಆದ್ದರಿಂದ ಇಲ್ಲಿ ಖರ್ಚು ಹೆಚ್ಚು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ದೇಶದ ಈಶಾನ್ಯದಲ್ಲಿ ಆಷಿಂಗ್ಟನ್‌ಗೆ 2024ರ ಡಿಸೆಂಬರ್‌ನಲ್ಲಿ ರೈಲು ಮರಳಿತು, ಅರವತ್ತು ವರ್ಷಗಳ ಮೇಲೆ. ಅದೂ ಅಗ್ಗದ ಕೆಲಸವಾಗಿರಲಿಲ್ಲ, ಆದರೂ ಮಾಡಿದಿರಿ.

ಇನ್ನೊಂದು ಸಂಗತಿ ಟ್ಯಾವಿಸ್ಟಾಕ್‌ಗಿಂತ ದೊಡ್ಡದು. ಪ್ಲಿಮತ್‌ಗೆ ಈಗಿರುವ ಮುಖ್ಯ ಲೈನು ಕಡಲಂಚಿನಲ್ಲೇ ಹಾದುಹೋಗುವ ಡಾಲಿಷ್ ಊರಿನಲ್ಲಿ, 2014ರ ಫೆಬ್ರವರಿಯಲ್ಲಿ ಸಮುದ್ರವು ತಡೆಗೋಡೆಯನ್ನು ಒಡೆದು ಹಳಿಗಳನ್ನು ಗಾಳಿಯಲ್ಲಿ ತೂಗುಹಾಕಿತು. ಏಪ್ರಿಲ್ 4ರವರೆಗೆ ಪ್ಲಿಮತ್‌ಗೂ ಕಾರ್ನ್‌ವಾಲ್‌ಗೂ ದೇಶದ ಉಳಿದ ಭಾಗದೊಂದಿಗೆ ರೈಲು ಸಂಪರ್ಕವೇ ಇರಲಿಲ್ಲ. ಹಿಂದೆ ಡಾಲಿಷ್‌ನಲ್ಲಿ ಸಮುದ್ರ ಉಕ್ಕಿದಾಗ ರೈಲುಗಳನ್ನು ಓಕ್‌ಹ್ಯಾಂಪ್ಟನ್, ಟ್ಯಾವಿಸ್ಟಾಕ್ ಮೇಲಿಂದ ತಿರುಗಿಸುತ್ತಿದ್ದರು. 2014ರ ದುರಂತದ ನಂತರ, ದೇಶದ ಹಳಿಗಳನ್ನು ನೋಡಿಕೊಳ್ಳುವ ಸಂಸ್ಥೆ ನೆಟ್‌ವರ್ಕ್ ರೈಲ್ ಆ ಇಡೀ ಲೈನನ್ನು ಮರಳಿ ಕಟ್ಟಲು 87.5 ಕೋಟಿ ಪೌಂಡ್ ಬೇಕೆಂದು ಅಂದಾಜಿಸಿತು, ಹಾಕಿದ ಹಣಕ್ಕೆ ತಕ್ಕ ಪ್ರಯೋಜನ ಇಲ್ಲವೆಂದೂ ಹೇಳಿತು. ಅದು ಇಂದು ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಮುಂದೊಂದು ದಿನ ಬೇಕಾದರೆ ಜಾಗವಾದರೂ ಇರಬೇಕಲ್ಲವೇ? ಸಮುದ್ರದ ಮಟ್ಟ ಏರುತ್ತಲೇ ಇದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದು ಇಷ್ಟು. ಬೇರ್ ಆಲ್‌ಸ್ಟನ್‌ನಿಂದ ಟ್ಯಾವಿಸ್ಟಾಕ್‌ವರೆಗಿನ ಐದೂವರೆ ಮೈಲಿಯನ್ನು ರದ್ದಾದ ನಿಧಿಯ ಜೊತೆ ಕಟ್ಟಿಹಾಕದೆ, ಅದರದೇ ಯೋಗ್ಯತೆಯ ಮೇಲೆ ಪರಿಶೀಲಿಸಿ. ಅದಕ್ಕಾಗಿ ಈವರೆಗೆ ಮಾಡಿಸಿದ ಅಧ್ಯಯನದ ಲೆಕ್ಕಗಳನ್ನು ಪೂರ್ತಿಯಾಗಿ ಪ್ರಕಟಿಸಿ. 1960ರ ದಶಕದಲ್ಲಿ ಈ ಊರಿಗೆ ಲೆಕ್ಕ ಪ್ರಶ್ನಿಸುವ ಹಕ್ಕು ಕೊಡಲಿಲ್ಲ, ಈಗಲಾದರೂ ಕೊಡಿ. ಹೊಸ ಸ್ಟೇಷನ್ ಹಳೆಯ ಕಟ್ಟಡದಲ್ಲೇ ಆಗಬೇಕೆಂದು ನಾವು ಕೇಳುತ್ತಿಲ್ಲ. ಪಟ್ಟಣದ ದಕ್ಷಿಣ ಅಂಚಿಗೆ ಬಂದರೂ ಸಾಕು. ಹಳೆಯ ಕಟ್ಟಡದಲ್ಲಿರುವವರನ್ನು ಎಬ್ಬಿಸುವ ಮಾತೇ ಇಲ್ಲ. ಹಣ ಸಿಗಲು ತಡವಾದರೆ, ಅಲ್ಲಿಯವರೆಗೆ ದಕ್ಷಿಣಕ್ಕೆ ಬೇರ್ ಆಲ್‌ಸ್ಟನ್‌ವರೆಗೂ ಉತ್ತರಕ್ಕೆ ಮೆಲ್ಡನ್‌ವರೆಗೂ ಹಳೆಯ ರೈಲು ದಾರಿಯ ಮೇಲೆ ಇನ್ನೊಂದು ಕಟ್ಟಡವೂ ಏಳದಂತೆ ಕಾನೂನಿನ ರಕ್ಷಣೆ ಕೊಡಿ. ಸೇತುವೆಗಳನ್ನೂ ಸುರಂಗವನ್ನೂ ರೈಲು ಹೊರುವ ಸ್ಥಿತಿಯಲ್ಲಿ ನೋಡಿಕೊಳ್ಳಲು ಯಾರು ಹೊಣೆ ಎಂದು ಲಿಖಿತವಾಗಿ ತಿಳಿಸಿ. ಬೆಳಗಿನ ಬಸ್ಸಿನಲ್ಲಿ ಒಮ್ಮೆ ನಮ್ಮ ಜೊತೆ ಬನ್ನಿ ಎಂದೂ ಕೇಳುತ್ತೇನೆ. ಇದು ಔಪಚಾರಿಕ ಆಹ್ವಾನವಲ್ಲ, ನಿಜಕ್ಕೂ ಬನ್ನಿ.

ಡೆವನ್, ಕಾರ್ನ್‌ವಾಲ್‌ಗಳಲ್ಲಿರುವ ಕನ್ನಡ ಬಂಧುಗಳೇ, ನಿಮ್ಮಲ್ಲಿ ಹಲವರು ಪ್ಲಿಮತ್, ಎಕ್ಸೆಟರ್‌ಗಳ ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ದುಡಿಯುತ್ತಿದ್ದೀರಿ. ನಿಮ್ಮ ಕ್ಷೇತ್ರದ ಎಂಪಿಗೆ ಈ ಬಗ್ಗೆ ನಾಲ್ಕು ಸಾಲು ಬರೆಯಿರಿ. ನಿಮ್ಮ ವಿಳಾಸ, ಪಿನ್‌ಕೋಡ್ ಹಾಕಿ. ಕ್ಷೇತ್ರದ ಮತದಾರರ ಪತ್ರಕ್ಕೆ ಉತ್ತರಿಸುವುದು ಇಲ್ಲಿ ವಾಡಿಕೆ. ಬಂದ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತಮ್ಮ ಲಿಖಿತ ಉತ್ತರದ ನಿರೀಕ್ಷೆಯಲ್ಲಿ,

ತಮ್ಮ ವಿಶ್ವಾಸಿ,
ಟ್ಯಾವಿಸ್ಟಾಕ್‌ನ ಒಬ್ಬ ಕನ್ನಡತಿ